ಮೂಲೆಯ ಐದನೇ ಡಬ್ಬ

ತಿರುನಾರಾಯಣರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಎಪ್ಪತ್ತೇಳರಲ್ಲಿ ಮಂಡ್ಯದ ಒಂದು ತರಬೇತಿ ಕೇಂದ್ರದಲ್ಲಿ ಅವರು ಸರ್ಕ್ಯೂಟ್ ನಕ್ಷೆ ಬರೆಯುತ್ತಿದ್ದರು, ನಾನು ಅದನ್ನು ನೋಡಿ ತಂತಿ ಬೆಸೆಯುತ್ತಿದ್ದೆ. ಏಳು ವರ್ಷದಿಂದ ಅವರದು ಹಂಗಾಮಿ ನೌಕರಿ. ಮನೆಯಲ್ಲಿ ಹೆಂಡತಿ ಗೋದಮ್ಮ, ಮೂರು ಹೆಣ್ಣುಮಕ್ಕಳು. ನೌಕರಿ ಮುಂದುವರಿಯುತ್ತದೋ ಇಲ್ಲವೋ ಎಂದು ತಿಳಿಯುವ ಮಾರ್ಚ್ ತಿಂಗಳು ಬಂತೆಂದರೆ ಮನುಷ್ಯ ಬಿಳಿಚಿಕೊಳ್ಳುತ್ತಿದ್ದರು.

ಆ ವರ್ಷ ಕೇಂದ್ರದ ಕೆಲಸ ನೋಡಲು ಮೇಲಿನಿಂದ ಕಮಿಟಿಯವರು ಬರುವವರಿದ್ದರು. ಅವರಿಗೆ ತೋರಿಸಲು, ನೀರಿನ ತೊಟ್ಟಿ ತುಂಬಿದರೆ ಗಂಟೆ ಹೊಡೆಯುವ ಯಂತ್ರ ಮಾಡಬೇಕಿತ್ತು. ಅದಕ್ಕೆ ಗೇಟು ಎನ್ನುವ ನಾಲ್ಕು ಭಾಗ ಬೇಕು. ನಾಲ್ಕೂ ಒಂದೇ ಐಸಿಯೊಳಗೆ ಇರುತ್ತವೆ. ಐಸಿ ಎಂದರೆ ಹದಿನಾಲ್ಕು ಕಾಲಿನ ಕರಿ ಬಿಲ್ಲೆ. ನಾಲ್ಕು ಗೇಟಿಗೂ ಸೇರಿ ಕರೆಂಟಿಗೆ ಇರುವುದು ಅದರಲ್ಲಿ ಎರಡೇ ಕಾಲು. ತಿರುನಾರಾಯಣರು ಗೇಟುಗಳನ್ನು ಬಿಡಿಬಿಡಿಯಾಗಿ ನಾಲ್ಕು ಡಬ್ಬಗಳಲ್ಲಿ ಬರೆದು, ಆ ಎರಡು ಕಾಲನ್ನು ಮೂಲೆಯಲ್ಲಿ ಐದನೆಯದೊಂದು ಡಬ್ಬದಲ್ಲಿ ತೋರಿಸಿದರು. ಎಷ್ಟು ಅಚ್ಚುಕಟ್ಟು ಅಂತೀರಿ!

ಸೂಪರಿಂಟೆಂಡೆಂಟ್ ಮಹದೇವಯ್ಯನವರು ಮೊದಲು ಹಳ್ಳಿಗಳಿಗೆ ಕರೆಂಟ್ ಲೈನ್ ಎಳೆಸುತ್ತಿದ್ದವರು. ಕನ್ನಡಕ ಏರಿಸಿ ನೋಡಿದರು.

"ಏನ್ರೀ ಇದು? ನಾಕು ಮನೆ ಕಟ್ಟಿದ್ದೀರಿ, ಒಂದಕ್ಕೂ ಕರೆಂಟಿಲ್ಲ. ಮೂಲೇಲಿ ಯಾರೂ ಇಲ್ದಿರೋ ಡಬ್ಬಕ್ಕೆ ಕೊಟ್ಟಿದ್ದೀರಲ್ರೀ!"

"ನಾಲ್ಕೂ ಒಂದೇ ವಠಾರ ಸಾರ್. ಮೀಟರ್ ಒಂದೇ. ಅದನ್ನ ಮೂಲೇಲಿ ತೋರಿಸಿದೀನಿ."

"ನಿಮ್ ವಠಾರಾನ ನೀವೇ ಇಟ್ಕೊಳ್ಳಿ. ಡಬ್ಬ ಅಳಿಸಿ, ನಾಕಕ್ಕೂ ಬೇರೆ ಬೇರೆ ಲೈನ್ ಎಳೀರಿ. ನಿಮ್ ಖಾಯಂ ಕಾಗದ ಮೇಲಕ್ಕೆ ಕಳ್ಸೋನು ನಾನೇ ಕಣ್ರೀ."

ಇನ್ನೇನು ಉಳಿಯಿತು? ಡಬ್ಬ ಹೋಯಿತು.

ನಕ್ಷೆ ನನ್ನ ಕೈಗೆ ಬಂತು. ನಾಲ್ಕು ಗೇಟು, ನಾಲ್ಕಕ್ಕೂ ಬೇರೆ ಕರೆಂಟು. ಅಂದಮೇಲೆ ನಾಲ್ಕು ಐಸಿಯೇ ಬೇಕು ಅಂದುಕೊಂಡು ಉಗ್ರಾಣದಿಂದ ನಾಲ್ಕು ತಂದು ಕೂರಿಸಿದೆ. ಒಂದೊಂದರಲ್ಲೂ ಒಂದು ಗೇಟಿಗೆ ಕೆಲಸ, ಮೂರಕ್ಕೆ ರಜೆ. ತಿರುನಾರಾಯಣರು ನೋಡಿ ಹಣೆ ಚಚ್ಚಿಕೊಂಡರು.

"ನಕ್ಸೇಲಿ ಇದ್ದಂಗೇ ಮಾಡಿವ್ನಿ ಅಯ್ನೋರೆ. ಕಿತ್ತಾಕ್ಲಾ?"

"ನಾಳೆ ಬೆಳಿಗ್ಗೆ ಕಮಿಟಿ ಬರುತ್ತಪ್ಪ. ಬಿಟ್ಟುಬಿಡು."

ಕಮಿಟಿ ಬಂತು. ತೊಟ್ಟಿ ತುಂಬಿತು, ಗಂಟೆ ಹೊಡೆಯಿತು. ಹಾಳಾದ್ದು, ಅವತ್ತಾದರೂ ಕೆಟ್ಟು ಕೂರಬಾರದಿತ್ತೇ! ಕಮಿಟಿಯ ಒಬ್ಬರು ಬಗ್ಗಿ ನೋಡಿ, "ನಾಲ್ಕು ಐಸಿ ಯಾಕೆ? ಒಂದು ಸಾಲದೇ?" ಅಂದರು. ಮಹದೇವಯ್ಯನವರು ತಿರುನಾರಾಯಣರ ಮುಖ ನೋಡಿದರು. ನಿಜ ಹೇಳಿಬಿಡಿ ಸ್ವಾಮಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ಒಂದು ಕೆಟ್ಟರೆ ಮಿಕ್ಕಿದ್ದು ಕೆಡಬಾರದು ಅಂತ ಸಾರ್," ಅಂದರು ತಿರುನಾರಾಯಣರು. "ನಮ್ಮ ಸಾಹೇಬರ ಯೋಚನೆ."

ಒಂದು ಕೆಟ್ಟರೂ ಗಂಟೆ ಹೊಡೆಯುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಕಮಿಟಿ ಮಾತ್ರ ಭೇಷ್ ಅಂದಿತು. ತಿಂಗಳೊಳಗೆ ನೌಕರಿ ಖಾಯಂ ಆಯಿತು, ಜೊತೆಗೆ ಎಲ್ಲರ ನಕ್ಷೆ ತಿದ್ದಿ ಸಹಿ ಹಾಕುವ ಅಧಿಕಾರ. ಗೋದಮ್ಮ ಡಬರಿ ತುಂಬ ಪುಳಿಯೋಗರೆ ಕಳಿಸಿದರು. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ, ಸುಳ್ಳೇಕೆ ಹೇಳಲಿ.

ಮರುವರ್ಷ ಮಳವಳ್ಳಿಯ ಇಂದ್ರಮ್ಮ ಎನ್ನುವವರು ನಕ್ಷೆ ಬರೆಯಲು ಸೇರಿದರು. ಅವರ ಮೊದಲ ನಕ್ಷೆಯಲ್ಲೇ ಗೇಟುಗಳು ಬಿಡಿಬಿಡಿ, ಕರೆಂಟಿನ ಡಬ್ಬ ಮೂಲೆಯಲ್ಲಿ. ತಿರುನಾರಾಯಣರು ಬಹಳ ಹೊತ್ತು ನೋಡಿದರು.

"ಸರಿಯಾಗಿದೆಯಮ್ಮ. ಬಹಳ ಸರಿಯಾಗಿದೆ," ಅಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಸಹಿ ಹಾಕಲು ಪೆನ್ನು ನಾನೇ ಕೊಡಲು ಹೋದೆ.

"ನಿಮ್ಮದು ಖಾಯಂ ಆಗಿದೆಯೇನಮ್ಮಾ?"

"ಇಲ್ಲ ಸಾರ್, ಹಂಗಾಮಿ."

ಅವರು ನನ್ನ ಪೆನ್ನು ಮುಟ್ಟಲಿಲ್ಲ. ಡ್ರಾಯರಿನಿಂದ ಬ್ಲೇಡು ತೆಗೆದು, ಆ ಡಬ್ಬವನ್ನು ತಾವೇ ಮೆಲ್ಲಗೆ ಕೆರೆಯತೊಡಗಿದರು.