ಬಾಗಲಕೋಟೆಗೆ ಹೋಗುವ ದಿನ ಮಾತ್ರ ತೊಟ್ಟ ಪಟ್ಟಾ

ಹೋದ ವಾರ ಇಳಕಲ್ಲಿನ ನಮ್ಮ ಮನೆಗೆ, ನಾನು ಕಾಕು ಎಂದು ಕರೆಯುವ ನೆರೆಯಾಕೆ ತನ್ನ ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯ ಬೆನ್ನೆಲುಬು ಒಂದು ಕಡೆ ವಾಲಿದೆ, ಡಾಕ್ಟರು ಪಟ್ಟಾ ಹಾಕಲು ಹೇಳಿದ್ದಾರೆ. ನನಗೂ ಅದೇ ವಯಸ್ಸಿನಲ್ಲಿ ಅದೇ ತೊಂದರೆ ಇತ್ತಲ್ಲ, ಅದಕ್ಕೇ ಕೇಳಲು ಬಂದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ತೀರ್ಪು ಕೊಟ್ಟಳು.

“ಪಟ್ಟಾದಿಂದ ಏನೂ ಆಗಂಗಿಲ್ಲ ಬಿಡ್ರಿ. ನಮ್ಮಾಕಿಗೂ ತಂದಿದ್ವಿ. ಕಡೀಕ ಆಪರೇಶನ್ನ ಆತು.”

ನನಗೆ ಮೈಯೆಲ್ಲ ಉರಿದುಹೋಯಿತು.

ಆ ಪಟ್ಟಾ ಎಂದರೆ ಕಂಕುಳಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಕವಚ. ಬಾಗಲಕೋಟೆಯ ಡಾಕ್ಟರು ಬಿಡಿಸಿ ಹೇಳಿದ್ದರು: ಇದು ಬಾಗಿದ್ದನ್ನು ನೆಟ್ಟಗೆ ಮಾಡುವುದಕ್ಕಲ್ಲ, ಇನ್ನಷ್ಟು ಬಾಗದಂತೆ ತಡೆಯುವುದಕ್ಕೆ, ಎತ್ತರ ಬೆಳೆಯುವುದು ನಿಲ್ಲುವ ತನಕ ದಿನಕ್ಕೆ ಹದಿನೆಂಟು ತಾಸು ಮೈಮೇಲೆ ಇರಬೇಕು. ಅವ್ವ ಹೂಂ ಹೂಂ ಎಂದು ತಲೆ ಆಡಿಸಿದ್ದಳು.

ನಮ್ಮದು ನೇಕಾರರ ಮನೆ. ಮಗ್ಗ ಇರುವುದು ಪಡಸಾಲೆಯಲ್ಲಿ. ಸೀರೆ ನೋಡುವವರು, ನೂಲು ತರುವವರು, ಬೀಗರು, ಎಲ್ಲರೂ ನೇರ ಒಳಗೇ. “ಮಂದಿ ಕಂಡ್ರ ನಾಳೆ ಇಕಿನ್ನ ಯಾರ ಮಾಡ್ಕೋತಾರ?” ಎನ್ನುತ್ತಿದ್ದಳು ಅವ್ವ. ಹೊರಗಿನವರು ಬಂದಾಗ ಬಿಚ್ಚು ಎಂದಳು. ಹೊರಗಿನವರು ಬರದ ಹೊತ್ತು ನಮ್ಮ ಮನೆಯಲ್ಲಿ ಎಲ್ಲಿದೆ? ಕೊನೆಗೆ ನಾನು ದೊಡ್ಡವಳಾದಾಗ, ಆರತಿಗೆ ಕೂರಿಸಲು ಬಿಚ್ಚಿದ್ದನ್ನು ಮತ್ತೆ ಕಟ್ಟಲೇ ಇಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು.

ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಅದು ಕೆಳಗಿಳಿಯುತ್ತಿತ್ತು, ಶಾಲೆಗೆ ಇನ್‌ಸ್ಪೆಕ್ಟರ್ ಬರುವಾಗ ಗೋಡೆಗೆ ಸುಣ್ಣ ಬಳಿದಂತೆ. ಬಾಗಲಕೋಟೆ ಬಸ್‌ಸ್ಟ್ಯಾಂಡಿನ ಹೆಂಗಸರ ಪಾಯಖಾನೆಯಲ್ಲಿ ಅವ್ವ ಮೂಗು ಸಿಂಡರಿಸಿಕೊಂಡು ಪಟ್ಟಾ ಬಿಗಿಯುತ್ತಿದ್ದಳು. “ದಿನಾ ಹಾಕ್ಕೋತಾಳೇನ್ರಿ?” ಎಂದು ಡಾಕ್ಟರು ಕೇಳಿದರೆ, “ಬಿಚ್ಚೂದ ಇಲ್ರಿ” ಎನ್ನುತ್ತಿದ್ದಳು. ವರ್ಷವಾದರೂ ಅದರ ಪಟ್ಟಿಗಳು ಹೊಸದರಂತಿದ್ದದ್ದು ಆ ಪುಣ್ಯಾತ್ಮನ ಕಣ್ಣಿಗೆ ಬೀಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬೇಸಿಗೆಯ ಸೆಕೆಯಲ್ಲಿ ಅದು ಕಳಚಿದ್ದೇ ನನಗೆ ಹಬ್ಬವಾಗಿತ್ತು. ಆ ಸಿಟ್ಟು ನನ್ನ ಮೇಲೂ ಇದೆ.

ತೊಟ್ಟಿದ್ದರೆ ಆಪರೇಶನ್ ತಪ್ಪುತ್ತಿತ್ತೇ? ಕೆಲವರಿಗೆ ತೊಟ್ಟರೂ ಬಾಗುತ್ತದಂತೆ. ನನ್ನ ಮಟ್ಟಿಗೆ ಅದು ಇನ್ನೆಂದೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವಳಂತೆ ಅವ್ವ ಓಣಿಗೆಲ್ಲ ಸಾರುತ್ತಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

“ಕಾಕೂ, ನಾ ಅದನ್ನ ಹಾಕ್ಕೊಳ್ಳೇ ಇಲ್ಲ,” ಎಂದೆ. ಬಸ್‌ಸ್ಟ್ಯಾಂಡಿನ ಕತೆಯನ್ನೂ ಹೇಳಿಬಿಟ್ಟೆ. ಅವ್ವ ಎದ್ದು ಅಡುಗೆಮನೆಗೆ ಹೋದಳು.

ಕಾಕು ಮೆತ್ತಗೆ ಅಂದಳು: “ಆತವಾ, ಹಾಕಸೋಣು. ಮುಂದಿನ ತಿಂಗಳ ನಮ್ಮಣ್ಣನ ಮಗಳ ಮದವಿ ಐತಿ. ಅದೊಂದ ಮುಗೀಲಿ.”

“ಈಕಿ ಬೆಳಿಯೂದು ನಿಮ್ಮ ಮದವಿಗೆ ಕಾಯತೈತೇನ ಕಾಕೂ?” ನಾನು ಕೂಗಿದ್ದಕ್ಕೆ ಪಡಸಾಲೆಯಲ್ಲಿ ಅಪ್ಪನ ಮಗ್ಗ ನಿಂತಿತು.

ಹುಡುಗಿ ತಾಯಿಯ ಸೆರಗು ಹಿಡಿದು ಎಳೆದಳು. “ಯವ್ವಾ, ನಾ ಮದವಿಗೂ ಅದನ್ನ ಹಾಕ್ಕೊಂಡ ಬರ್ತೇನಿ.”

ಅವಳ ವಯಸ್ಸಿನಲ್ಲಿ ನಾನು ಆಡದೆ ಹೋದ ಮಾತು.