ಸೂತಕದ ಮನೆಯಲ್ಲಿ ಓದಿದವರು

ಡೇನಿಯಲ್ ಕಾಕಾ ಓದಲು ಕುಳಿತರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ ಎಂದು ನಮ್ಮ ನೆಂಟರೆಲ್ಲ ಇವತ್ತಿಗೂ ಹೇಳುತ್ತಾರೆ. ಸಿಂದಗಿಯ ಮದುವೆಯಿರಲಿ, ಮುದ್ದೇಬಿಹಾಳದ ಮುಂಜಿವೆಯಿರಲಿ, ಊಟ ಮುಗಿದು ಎಲೆ ಅಡಿಕೆ ಬಂದ ಮೇಲೆ ಈ ಕಥೆಯೂ ಬರುತ್ತದೆ. "ಮಾಸ್ತರರ ಹೆಣಾ ಹೊರಗ ಹೋಗೋವಾಗೂ ಆ ಮನುಷ್ಯಾ ಪುಸ್ತಕದಿಂದ ತಲಿ ಎತ್ತಲಿಲ್ಲ ನೋಡ್ರಿ. ಎಂಥಾ ಏಕಾಗ್ರತಾ!" ಅದಕ್ಕೆ ಇನ್ನೊಬ್ಬರು ಬಾಲ ಸೇರಿಸುತ್ತಾರೆ: "ಏಕಾಗ್ರತಾ ಎಲ್ಲೀದು, ಎದಿ ಕಲ್ಲು. ಕಡೀಕ ಅಕ್ಕಾ ಬೈದು ಪುಸ್ತಕಾ ಮುಚ್ಚಿಸಿದ್ಲು. ಸಿಟ್ಟಾಗಿ ಊರ ಬಿಟ್ಟ." ನಾನು ಎರಡನ್ನೂ ಒಪ್ಪುವುದಿಲ್ಲ. ಮಾಸ್ತರರೆಂದರೆ ನಮ್ಮಜ್ಜ, ಅಕ್ಕಾ ಎಂದರೆ ನಮ್ಮಜ್ಜಿ. ಇವರಾರೂ ಆಗ ಪಡಸಾಲೆಯಲ್ಲಿರಲಿಲ್ಲ, ನಾನಿದ್ದೆ. ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬರೆಯಲು ಕಾರಣ ಒಂದು ಗುನುಗು. ಮೊನ್ನೆ ಬಸವನ ಬಾಗೇವಾಡಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ನಿರ್ಣಾಯಕಳಾಗಿ ಹೋಗಿದ್ದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ, ಹಿಂದೆ ಮುಂದೆ ತೂಗುತ್ತ, ತನ್ನ ವಾದವನ್ನೂ ಎದುರಾಳಿಯ ವಾದವನ್ನೂ ತಾನೇ ರಾಗವಾಗಿ ಹೇಳಿಕೊಳ್ಳುತ್ತಿದ್ದಳು, ಥೇಟ್ ಕಾಕಾನ ಹಾಗೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಈಗ ಆ ಮನೆಯಿಲ್ಲ. ಇಂಡಿ ಪಟ್ಟಣದ ಹಳೆ ಪೇಟೆಯಲ್ಲಿದ್ದ ಅದನ್ನು ಕೆಡವಿ ಅಂಗಡಿಗಳ ಸಾಲು ಕಟ್ಟಿದ್ದಾರೆ. ಹಿತ್ತಲಿನ ಲಿಂಬೆಗಿಡದ ವಾಸನೆ ಮಧ್ಯಾಹ್ನದ ಬಿಸಿಲಿಗೆ ಪಡಸಾಲೆಯವರೆಗೂ ಬರುತ್ತಿತ್ತು. ಪಡಸಾಲೆಯ ಪಕ್ಕದ ಎರಡು ಕೋಣೆಗಳಲ್ಲಿ ಕಾಕಾ ಬಾಡಿಗೆಗಿದ್ದರು. ಕೊಂಕಣದ ಕಡೆಯ ಯೆಹೂದಿ, ರೇಲ್ವೆಯಿಂದ ನಿವೃತ್ತರು, ಹೆಂಡತಿ ತೀರಿಕೊಂಡಿದ್ದರು. ಓಣಿಯವರು ಅವರನ್ನು ಒಮ್ಮೆ ಕ್ರಿಶ್ಚನ್ ಎನ್ನುತ್ತಿದ್ದರು, ಒಮ್ಮೆ ಸಾಬರು ಎನ್ನುತ್ತಿದ್ದರು. ಕಾಕಾ ತಿದ್ದುತ್ತಿರಲಿಲ್ಲ. "ನಮ್ಮ ಮಂದಿಗಿ ಆ ಕಡೆ ಶನಿವಾರದ ಗಾಣಿಗರು ಅಂತಿದ್ರು. ಎಣ್ಣಿ ತೆಗೆಯೂದು, ಶನಿವಾರ ಗಾಣಾ ನಿಲ್ಲಸೂದು. ಅಷ್ಟು ತಿಳಕೊಂಡ್ರ ಸಾಕು," ಎಂದು ನಗುತ್ತಿದ್ದರು. ಮನೆಮಾತು ಮರಾಠಿ, ಕನ್ನಡವನ್ನು ಸ್ಟೇಷನ್ನಿನ ಹಮಾಲರಿಂದ ಕಲಿತಿದ್ದರು. ಅಜ್ಜಿಯ ಮಡಿ ಅಡುಗೆಮನೆಗೆ ಅವರು ಬರುವಂತಿರಲಿಲ್ಲ, ಅವರ ಊಟದ ಕಟ್ಟಳೆಯೂ ನಮ್ಮ ಮನೆಯಲ್ಲಿ ಉಣ್ಣಲು ಬಿಡುತ್ತಿರಲಿಲ್ಲ. ಹೀಗಾಗಿ ಯಾರಿಗೂ ಯಾರ ಮೇಲೂ ದೂರಿರಲಿಲ್ಲ. ಅವರ ಶನಿವಾರದ ವಿಶ್ರಾಂತಿ ಶುಕ್ರವಾರ ಸಂಜೆಯೇ ಶುರುವಾಗುತ್ತಿತ್ತು; ಹೊತ್ತು ಮುಳುಗಿದ ಮೇಲೆ ಅವರು ಲೈಟಿನ ಗುಂಡಿ ಮುಟ್ಟುತ್ತಿರಲಿಲ್ಲ, ಮುಟ್ಟಿರೆಂದು ಬೇರೆಯವರಿಗೆ ಹೇಳುವಂತೆಯೂ ಇರಲಿಲ್ಲ. ಅಜ್ಜಿ ತುಳಸಿಗೆ ದೀಪವಿಟ್ಟು ಒಳಗೆ ಬರುವಾಗ, "ಏನ್ ಕತ್ತಲಾಗ್ಯದ ಅಂತೀನಿ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಅವರ ಕೋಣೆಯ ಲೈಟು ಹಾಕಿ ಹೋಗುತ್ತಿದ್ದಳು.

ಪುಣೆಯಲ್ಲಿ ಕಾಕಾನ ತಂಗಿಯ ಮನೆಯಿತ್ತು, ಅವರ ಪ್ರಾರ್ಥನಾಮಂದಿರವಿತ್ತು, ಕೂಡಿ ಪ್ರಾರ್ಥಿಸಲು ಬೇಕಾದ ಹತ್ತು ಗಂಡಸರಿದ್ದರು. ತಮ್ಮವರೊಬ್ಬರೂ ಇಲ್ಲದ ಇಂಡಿಯಲ್ಲಿ ಅವರನ್ನು ಹಿಡಿದಿಟ್ಟದ್ದು ನಮ್ಮಜ್ಜ. ಕಾಕಾನ ಓದು ಒಬ್ಬರೇ ಮಾಡುವ ಓದಲ್ಲ. ಬಾಗ್ದಾದಿನ ಕಡೆಯ ಗುರುವೊಬ್ಬರ ಬಳಿ ಅವರು ಮುಂಬೈಯಲ್ಲಿ ಕಲಿತಿದ್ದರು. ಎದುರಿಗೆ ಇನ್ನೊಬ್ಬ ಕುಳಿತು ಸಾಲುಸಾಲಿಗೂ ಅಡ್ಡಹಾಕಬೇಕು, ಹಾಗೆ ಜಗಳಾಡಿದರೇ ಅದು ಓದು, ಅದೇ ಭಕ್ತಿ. ಅಜ್ಜ ಸಾಲಿ ಮಾಸ್ತರ, ಸಂಸ್ಕೃತ ಓದಿದವರು, ಪೂರ್ವಪಕ್ಷ ಹೂಡುವುದರಲ್ಲಿ ಪಳಗಿದವರು. ಕಾಕಾ ತಮ್ಮ ಧರ್ಮಶಾಸ್ತ್ರದ ಪುಸ್ತಕದಲ್ಲಿ ಬಲದಿಂದ ಎಡಕ್ಕೆ ಬೆರಳಾಡಿಸಿ ಒಂದು ಸಾಲು ಓದಿ, ಮರಾಠಿಯಲ್ಲಿ ಅರ್ಥ ಹೇಳಿ, ತಲೆಯೆತ್ತಿ ಕಾಯುತ್ತಿದ್ದರು. ಪುಟದ ನಡುವೆ ನಾಲ್ಕು ಸಾಲು, ಸುತ್ತಲೂ ಆ ನಾಲ್ಕು ಸಾಲಿನ ಮೇಲೆ ಹಿಂದಿನವರು ಮಾಡಿದ ತಕರಾರು. ಅದರ ಹೊರಗೆ ಅಜ್ಜನ ತಕರಾರು.

ಒಂದು ಬೇಸಿಗೆಯಿಡೀ ಒಂದೇ ವ್ಯಾಜ್ಯ ನಡೆದಿತ್ತು. ದಾರಿಯಲ್ಲಿ ಬಿದ್ದ ವಸ್ತುವಿನ ಆಸೆಯನ್ನು ಅದರ ಧಣಿ ಬಿಟ್ಟಿದ್ದರೆ ಅದು ಸಿಕ್ಕವನದು. ಆದರೆ ಕಳೆದದ್ದೇ ಅವನಿಗಿನ್ನೂ ಗೊತ್ತಿಲ್ಲದಿದ್ದರೆ?

"ದೇವಣಗಾಂವ ರಸ್ತೇದಾಗ ಟೆಂಪೋದಿಂದ ಒಂದು ಚೀಲ ಲಿಂಬಿಕಾಯಿ ಬಿತ್ತು ಅನ್ರಿ ಮಾಸ್ತರ. ಡ್ರೈವರಗ ಗೊತ್ತಿಲ್ಲ. ಯಾರದದು?"

"ಗೊತ್ತಾದ್ರ ಆಸೆ ಬಿಡ್ತಾನೋ ಇಲ್ಲೋ ನೀವು ಹ್ಯಾಂಗ ಹೇಳ್ತೀರಿ ಡೇನಿಯಲ್‌ರಾವ್? ಅವನ ಮನಸಿನ್ಯಾಗ ಹೊಕ್ಕು ಬಂದೀರೇನು? ನಿಮ್ಮ ಪುಸ್ತಕಾನೂ ಹಿಂದಮುಂದ, ನ್ಯಾಯಾನೂ ಹಿಂದಮುಂದ."

"ಮುಂದಿನ ಸಾಲಿನಾಗ ನಿಮಗ ಉತ್ತರಾ ಐತಿ. ಗಡಿಬಿಡಿ ಮಾಡಬ್ಯಾಡ್ರಿ."

"ಹಂಗಾರ ಮುಂದಿನ ಸಾಲೇ ತಪ್ಪು."

ಈ ಮಾತಿಗೆ ಕಾಕಾ ಮೇಜು ಕುಟ್ಟಿ, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಇದರ ನಡುವೆಯೇ, ಬೆರಳು ಸಾಲಿನಿಂದ ಕದಲದೆ, "ವಹಿನಿ, ಹಾಲು!" ಎಂದು ಅಜ್ಜಿಗೆ ಒದರುತ್ತಿದ್ದರು; ಮರಾಠಿಯಲ್ಲಿ ವಹಿನಿ ಎಂದರೆ ಅತ್ತಿಗೆ. ಅಡುಗೆಮನೆಯಲ್ಲಿದ್ದ ನಮಗೆ ಕೇಳದ ಹಾಲಿನ ಉಕ್ಕು ಪಡಸಾಲೆಯಲ್ಲಿದ್ದ ಅವರಿಗೆ ಕೇಳುತ್ತಿತ್ತು. ಇಂಥವರನ್ನು ಕಿವುಡ ತಪಸ್ವಿ ಮಾಡುತ್ತಾರಲ್ಲ, ಹೇಗೆ ಒಪ್ಪಲಿ?

ಅಜ್ಜ ಒಂದು ಬೆಳಗ್ಗೆ ಸಂಧ್ಯಾವಂದನೆಗೆ ಕುಳಿತವರು ಏಳಲಿಲ್ಲ. ಹೆಣವನ್ನು ಎತ್ತುವ ಹೊತ್ತಿಗೆ ಕಾಕಾ ತಮ್ಮ ಕುರ್ಚಿಯಲ್ಲಿದ್ದರು, ಪುಸ್ತಕ ತೆರೆದಿತ್ತು. ತಲೆಯೆತ್ತಲಿಲ್ಲವೇ? ಸಾಲುಸಾಲಿಗೂ ಎತ್ತಿದರು. ಒಂದು ಸಾಲು ಓದುವರು, ಅರ್ಥ ಹೇಳುವರು, ಎದುರಿನ ಖಾಲಿ ಕುರ್ಚಿಯ ಕಡೆ ನೋಡಿ ಕಾಯುವರು. ಆಮೇಲೆ ಅಜ್ಜನ ಧಾಟಿಯಲ್ಲಿ ತಾವೇ ಅಡ್ಡಹಾಕುವರು, ತಾವೇ ಉತ್ತರಿಸುವರು. ಬಂದವರು ಹೊಸ್ತಿಲಲ್ಲಿ ನಿಂತು ಗುಸುಗುಸು ಮಾಡಿದರು. ನಮ್ಮಲ್ಲಿ ಸೂತಕದಲ್ಲಿ ಗ್ರಂಥ ಮುಟ್ಟುವುದಿಲ್ಲ. ದೇವರ ಕೋಣೆಯ ಬಾಗಿಲೇ ಹಾಕಿತ್ತು. ಇಲ್ಲಿ ನೋಡಿದರೆ ಪಡಸಾಲೆಯಲ್ಲಿ ರಾಗವಾಗಿ ಓದು. ಮರುದಿನವೂ ಓದಿದರು. ಅದರ ಮರುದಿನ ಅಜ್ಜಿ ಎದ್ದು ಬಂದಳು. ದನಿ ಏರಿಸಲಿಲ್ಲ, ಬೈಯಲೂ ಇಲ್ಲ.

"ಈ ಮನ್ಯಾಗ ಸೂತಕ ಅದ. ಓದಬ್ಯಾಡ್ರಿ."

ಒಂದು ಮಾತನ್ನೂ ತಕರಾರಿಲ್ಲದೆ ಬಿಡದ ಮನುಷ್ಯ ಆವತ್ತು ಎದುರಾಡಲಿಲ್ಲ. "ಹೌದ್ರಿ ವಹಿನಿ," ಎಂದರು. ಪುಸ್ತಕ ಮುಚ್ಚಿ ಮುತ್ತಿಟ್ಟು ಒಳಗಿಟ್ಟರು. ಆಮೇಲೆ ಕುರ್ಚಿ ಹತ್ತಲಿಲ್ಲ. ದಿನಗಟ್ಟಲೆ ಪಡಸಾಲೆಯ ಬರಿ ನೆಲದ ಮೇಲೆ, ಗೋಡೆಗೊರಗಿ ಕುಳಿತರು. ಅವಮಾನವಾಗಿದೆ, ಮುನಿಸಿಕೊಂಡಿದ್ದಾರೆ ಎಂದು ಮನೆಯವರೆಲ್ಲ ಅಂದುಕೊಂಡರು. ಮಳೆಗಾಲಕ್ಕೆ ಮುಂಚೆ ಪುಣೆಗೆ ಹೋದರು. ಅಜ್ಜಿ ಬುಟ್ಟಿ ತುಂಬ ಲಿಂಬೆಹಣ್ಣು ಕೊಟ್ಟಳು. ಪಡಸಾಲೆ ಎಷ್ಟು ಸುಮ್ಮನಾಯಿತೆಂದರೆ ಹಾಲು ಉಕ್ಕುವುದು ನನಗೂ ಕೇಳತೊಡಗಿತು. ಅಜ್ಜಿ ಆಮೇಲೆ ಎಂದೂ ಆ ಮಾತೆತ್ತಲಿಲ್ಲ, ಎತ್ತದೆಯೇ ತೀರಿಕೊಂಡಳು.

ಹೋದ ವರ್ಷ ಸ್ಪರ್ಧೆಯೊಂದಕ್ಕೆ ಪುಣೆಗೆ ಹೋದಾಗ ಹುಡುಕಿಕೊಂಡು ಹೋದೆ. ಕಾಕಾ ತೀರಿಕೊಂಡು ವರ್ಷಗಳಾಗಿದ್ದವು. ಪ್ರಾರ್ಥನಾಮಂದಿರದ ಅಂಗಳದಲ್ಲಿ ಕುಳಿತಿದ್ದ ಮುದುಕರೊಬ್ಬರಿಗೆ ಅವರ ನೆನಪಿತ್ತು. ಇಲ್ಲಿ ಹತ್ತು ಜನ ಇದ್ದೇ ಇದ್ದರು, ಆದರೂ ಕಾಕಾ ಓದುವಾಗ ಒಬ್ಬರೇ ಕೂಡುತ್ತಿದ್ದರಂತೆ. ನಡುವೆ ಓದು ನಿಲ್ಲಿಸಿ, ಯಾರೋ ಏನೋ ಅನ್ನಲಿದ್ದಾರೆ ಎಂಬಂತೆ ಎದುರಿಗೆ ನೋಡುತ್ತಿದ್ದರಂತೆ. ನಾನು ಇಂಡಿಯ ಆ ದಿನಗಳ ಸಂಗತಿ ಹೇಳಿ, ಸಾವಿನ ಮನೆಯಲ್ಲಿ ಓದುವುದು ನಿಮ್ಮಲ್ಲಿ ಪದ್ಧತಿಯೇ ಎಂದು ಕೇಳಿದೆ. ಅವರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಹೊರಗಿನವರು ಸತ್ತವರ ಹೆಸರಿನಲ್ಲಿ ಓದಬಹುದು, ಅದರ ಪುಣ್ಯ ಸತ್ತವರಿಗೆ ಮುಟ್ಟುತ್ತದೆ. ಆದರೆ ಸತ್ತವನ ಮಗ, ಅಣ್ಣ, ತಮ್ಮ ಏಳು ದಿನ ಗ್ರಂಥ ತೆರೆಯುವಂತಿಲ್ಲ, ಯಾಕೆಂದರೆ ಓದಿನಲ್ಲಿ ಸಂತೋಷವಿದೆ. ಅವರು ನೆಲದ ಮೇಲೆ ಕೂಡಬೇಕು.

ವಾದದಲ್ಲಿ ನಾನು ಸುಲಭಕ್ಕೆ ಸೋಲುವವಳಲ್ಲ. ಕಾಕಾನಿಗೆ ದುಃಖವಾಗಿತ್ತೆಂದು ಯಾರ ಮುಂದೆಯಾದರೂ ಸಾಧಿಸಬಲ್ಲೆ. ಆದರೆ ನಮ್ಮ ಮನೆ ಅವರನ್ನು ಹೊರಗಿನವರೆಂದು ಕಳಿಸಿತೋ, ಮನೆಯವರಾಗಿ ಕಳಿಸಿತೋ ಎಂಬುದನ್ನು ಸಾಧಿಸಲು ನನ್ನ ಬಳಿ ಸಾಕ್ಷಿಯಿಲ್ಲ. ಗೊತ್ತಿದ್ದವರು ಒಬ್ಬರೇ. ಅದಕ್ಕೇ ಕೇಳುತ್ತೇನೆ, ಕಾಕಾ: ಆವತ್ತು ನೀವು ಪುಸ್ತಕ ಮುಚ್ಚಿದ್ದು ಅಜ್ಜಿ ಬೇಡವೆಂದಳೆಂದೋ, ಅಥವಾ ನೀವು ನಮ್ಮಜ್ಜನ ತಮ್ಮನೆಂದೋ?