ಗಿರಣಿಯಲ್ಲಿ ಕೇಳುವ ಕಿವಿ

ನನ್ನ ಮೊದಲ ಸಂಶೋಧನೆ ನಡೆದದ್ದು ನಾನು ಐದನೇ ಇಯತ್ತೆಯಲ್ಲಿದ್ದಾಗ, ನಮ್ಮದೇ ಹಿಟ್ಟಿನ ಗಿರಣಿಯಲ್ಲಿ. ಅದರ ಫಲಿತಾಂಶದಿಂದಾಗಿ ನನ್ನ ಕಾಕು ಹನ್ನೆರಡು ವರ್ಷ ಸುಳ್ಳುಗಾತಿ ಎನಿಸಿಕೊಂಡಳು.

ಕಾಕು ನನ್ನ ತಂದೆಯ ತಮ್ಮನ ಹೆಂಡತಿ. ಗಡಿಯ ನಮ್ಮೂರು ದರಿಬಡಚಿಯಲ್ಲಿ ಮನೆಯ ಮುಂದಿನ ಕೋಣೆಯೇ ಗಿರಣಿ, ಅದನ್ನು ನಡೆಸುವವಳು ಅವಳೇ. ಎರಡನೇ ಬಾಣಂತನದ ನಂತರ ಅವಳಿಗೆ ಕಿವಿ ಮಂದವಾಯಿತು. ಅಡುಗೆಮನೆಯಲ್ಲಿ ಪಕ್ಕದಲ್ಲೇ ಕುಳಿತು ಕರೆದರೂ ತಿರುಗುತ್ತಿರಲಿಲ್ಲ. ಆದರೆ ಗಿರಣಿ ಗುಡುಗುತ್ತಿರುವಾಗ ಯಾರು ಏನೆಂದರೂ ಥಟ್ಟನೆ ಉತ್ತರ ಕೊಡುತ್ತಿದ್ದಳು. ಅವಳ ಅತ್ತೆ, ಅಂದರೆ ನನ್ನ ಆಯಿ, ಇದಕ್ಕೆ ಎರಡು ಕಾರಣ ಹೇಳುತ್ತಿದ್ದಳು. ಒಂದು, "ಬಾಣಂತಿ ಇದ್ದಾಗ ಕಿವೀಗಿ ಅರಿವಿ ಕಟ್ಟಿಕೋ ಅಂದ್ರ ಕೇಳಲಿಲ್ಲ, ಗಾಳಿ ಹೊಕ್ಕೈತಿ." ಎರಡನೆಯದು, "ಎಲ್ಲಾ ಸೋಗು. ಬೇಕಾದ್ದಟ್ಟ ಕೇಳತೈತಿ."

ಎರಡರಲ್ಲಿ ಯಾವುದು ನಿಜವೆಂದು ತಿಳಿಯಬೇಕೆನಿಸಿತು. ಒಂದೇ ಮಾತನ್ನು ಗಿರಣಿಯಲ್ಲಿ ಹತ್ತು ಸಲ, ಮನೆಯಲ್ಲಿ ಹತ್ತು ಸಲ ಅವಳ ಬೆನ್ನ ಹಿಂದೆ ನಿಂತು ಹೇಳಿದೆ. ಗಿರಣಿಯಲ್ಲಿ ಒಂಬತ್ತಕ್ಕೆ ಉತ್ತರ ಬಂತು. ಮನೆಯಲ್ಲಿ ಎರಡಕ್ಕೆ. ವಹಿಯಲ್ಲಿ ಬರೆದುಕೊಂಡು ಹೋಗಿ ಆಯಿಗೆ ಓದಿ ಹೇಳಿದೆ. ಆಯಿ ಅದನ್ನು ಓಣಿಗೆಲ್ಲ ಹೇಳಿದಳು. ಕಾಕು ಆ ದಿನ ನನ್ನನ್ನು ನೋಡಿದ ರೀತಿ ನೆನಪಿದೆ.

ಮುಂದೆ ನಾನು ಕಿವಿಯ ಪರೀಕ್ಷೆಗೆ ಸಂಬಂಧಿಸಿದ ಪದವಿಗೆ ಸೇರಿದೆ. ಕೊನೆಯ ವರ್ಷ ಒಂದು ಪಾಠದಲ್ಲಿ ಮಧ್ಯಕಿವಿಯ ಮೂರನೆಯ ಎಲುಬಿನ ವಿಷಯ ಬಂತು. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ್ದು, ಜೋಳದ ಕಾಳಿಗಿಂತ ಚಿಕ್ಕದು. ಕೆಲವರಲ್ಲಿ ಅದರ ಬುಡಕ್ಕೆ ಹೊಸ ಎಲುಬು ಬೆಳೆದು ಅಲುಗಾಡದಂತೆ ಹಿಡಿದುಬಿಡುತ್ತದೆ. ಹೆಂಗಸರಲ್ಲಿ ಹೆಚ್ಚು. ಹೆರಿಗೆಯ ನಂತರ ಮೊದಲ ಬಾರಿ ಗೊತ್ತಾಗುವುದೂ ಉಂಟು. ಇಂಥವರಿಗೆ ಗದ್ದಲದಲ್ಲಿ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ, ಏಕೆಂದರೆ ಯಂತ್ರದ ಗುಡುಗು ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ, ಆದರೆ ಆ ಗುಡುಗಿನಲ್ಲಿ ಮಾತಾಡುವವರು ತಮಗೇ ಅರಿವಿಲ್ಲದೆ ದನಿ ಏರಿಸಿರುತ್ತಾರೆ.

ನಾನೂ ಏರಿಸಿದ್ದೆ. ನನ್ನ ಎಣಿಕೆ ಸರಿಯಿತ್ತು, ತೀರ್ಮಾನ ತಪ್ಪಿತ್ತು. ಪ್ರಬಂಧಕ್ಕೆ ಅದೇ ಎಲುಬನ್ನು ಆರಿಸಿಕೊಂಡೆ. ಕಾರಣವನ್ನು ಮಾರ್ಗದರ್ಶಕರಿಗೆ ಹೇಳಲಿಲ್ಲ.

ರಜೆಗೆ ಬಂದಾಗ ಶ್ರುತಿಕವೆ ತಂದೆ. ಎರಡು ಹಲ್ಲಿನ ಉಕ್ಕಿನ ಕವೆ, ತಟ್ಟಿದರೆ ಗುಂಯ್‌ಗುಡುತ್ತದೆ. ಕಾಕುವಿನ ಗಂಡ, ನನ್ನ ಕಾಕಾ, ತನ್ನ ತಾಯಿಯ ಮಾತು ಮೀರಿ ಹೆಂಡತಿಯನ್ನು ಆಸ್ಪತ್ರೆಗೆ ಕಳಿಸುವವನಲ್ಲ, ಆದ್ದರಿಂದ ಆಯಿಯನ್ನೇ ಮೊದಲು ಕೂರಿಸಿದೆ.

"ನನ್ನ ಕಿವಿ ಚಲೋ ಅದಾವ. ಆಕೀದು ನೋಡು."

"ನಿಂದು ಚಲೋ ಅದಾವಂತನ ನೋಡೂದು, ಆಯಿ."

ಕಿವಿಯ ಹಿಂದಿನ ಎಲುಬಿಗೆ ಕವೆಯನ್ನು ಊರಿದೆ. ಸ್ವಲ್ಪ ಹೊತ್ತಿಗೆ ಆಯಿ "ಹೋತು" ಎಂದಳು. ಕವೆಯನ್ನು ಕಿವಿಯ ಮುಂದೆ ತಂದೆ. "ಮತ್ತ ಬಂತ ನೋಡು!" ಎಂದು ನಕ್ಕಳು. ಕಾಕುಗೆ ಅದು ತಿರುಗಾಮುರುಗಾ. ಕಿವಿಯ ಮುಂದೆ ಏನೂ ಇಲ್ಲ. ಎಲುಬಿಗೆ ಊರಿದೊಡನೆ ಅವಳ ಹುಬ್ಬು ಏರಿತು. ತಲೆಯ ಎಲುಬಿನ ಮೂಲಕ ಹೋದ ದನಿಗೆ ಆ ಸಿಕ್ಕಿಕೊಂಡ ಪುಟ್ಟ ಎಲುಬಿನ ಹಂಗಿಲ್ಲ.

"ಸೋಗು," ಆಯಿ ಅಂದಳು.

"ಹಂಗಾರ ನೀನ ಹಿಡಿ."

ಆಯಿ ತಾನೇ ಕವೆ ಹಿಡಿದಳು. ಕಾಕು ಕಣ್ಣು ಮುಚ್ಚಿದಳು. ಆಯಿ ಕೆಲವು ಸಲ ಮೊಣಕಾಲಿಗೆ ಬಡಿದು, ಕೆಲವು ಸಲ ಬಡಿಯದೆ ಸುಮ್ಮನೆ ಎಲುಬಿಗೆ ಊರಿದಳು. ಕಾಕು ಒಮ್ಮೆಯೂ ತಪ್ಪಲಿಲ್ಲ. ಸೋಗು ಹಾಕುವವಳು ಎರಡೂ ಕಡೆ ಇಲ್ಲವೆನ್ನುತ್ತಾಳೆ, ಹಿಂದಿನ ಎಲುಬಿನಲ್ಲಿ ಮಾತ್ರ ಕೇಳಬೇಕೆಂದು ಅವಳಿಗೆ ಯಾರು ಹೇಳಿರುತ್ತಾರೆ ಎಂದು ಕೇಳಿದೆ. ಆಯಿ ಕವೆಯನ್ನು ನನ್ನ ಕೈಗಿಟ್ಟು ಎದ್ದು ಹೋದಳು. ಸೋತೆ ಅನ್ನಲಿಲ್ಲ. ಆದರೆ ಮಿರಜದ ಆಸ್ಪತ್ರೆಗೆ ಹೋಗುವುದು ಬೇಡವೆಂದೂ ಅನ್ನಲಿಲ್ಲ.

ಮಿರಜದ ಪರೀಕ್ಷೆಗಳಲ್ಲೂ ಅದೇ ಬಂತು. ಕಿವಿಯಂತ್ರದ ದಾರಿಯೂ ಇತ್ತು. ಹಿಟ್ಟಿನ ಧೂಳಿನಲ್ಲಿ ಅದು ಬಾಳದು ಎಂದು ಕಾಕು ತಾನೇ ಅಂದಳು. ಗಿರಣಿ ನಿಂತ ಒಂದು ಮಧ್ಯಾಹ್ನ ಅವಳೆದುರು ಕುಳಿತು ಎಲ್ಲವನ್ನೂ ಜೋರಾಗಿ ಹೇಳಿದೆ. ಶಸ್ತ್ರಚಿಕಿತ್ಸೆ ಮೊದಲು ಒಂದು ಕಿವಿಗೆ. ಎಲುಬಿನ ಮೇಲ್ಭಾಗ ತೆಗೆದು, ಬುಡದಲ್ಲಿ ತೂತು ಕೊರೆದು, ಸಣ್ಣ ಕೊಂಡಿಯಿರುವ ಕಡ್ಡಿ ಕೂರಿಸುತ್ತಾರೆ. ಅಪರೂಪಕ್ಕೆ ಕೆಲವರಿಗೆ ಇದ್ದ ಕಿವಿಯೂ ಹೋಗಬಹುದು. ಸರಿಯಾದರೂ ಯಂತ್ರದ ಗುಡುಗು ತಟ್ಟತೊಡಗಿ ಗಿರಣಿಯಲ್ಲಿ ಮಾತು ಮೊದಲಿನಂತೆ ಕೇಳಿಸದು.

"ಗಿರಣ್ಯಾಗ ನಾ ಒಬ್ಬಾಕೀನ ರಾಣಿ ಇದ್ದೆ," ಎಂದು ನಕ್ಕಳು. ಆಮೇಲೆ, "ಹೋದ್ರ ಹೋಗಲಿ ತಂಗಿ. ಖರೇ ಕಿವುಡಿ ಆದ್ರ ಸೋಗು ಅನ್ನೂದರ ತಪ್ಪತೈತಿ. ಆಪರೇಶನ್ನಿನ ದಿನ ಗೊತ್ತುಮಾಡಸು."

ಶಸ್ತ್ರಚಿಕಿತ್ಸೆ ನಡೆಯುವಾಗ ಅವಳು ಎಚ್ಚರವಾಗಿದ್ದಳು, ಕಿವಿಗಷ್ಟೇ ಮರಗಟ್ಟಿಸಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಆ ಎಲುಬಿನ ಅಳತೆಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಗೊತ್ತಿದ್ದದ್ದು ಯಾವುದೂ ಆಗ ಉಪಯೋಗಕ್ಕೆ ಬರಲಿಲ್ಲ. ಒಳಗೆ ನಡೆದದ್ದನ್ನು ನರ್ಸು ಬಂದು ಹೇಳಿದರು. ಕಡ್ಡಿ ಕೂರಿಸಿ ಸರ್ಜನ್ "ಐಕೂ ಯೇತಂಯ ಕಾ?" ಎಂದು, ಕೇಳಿಸುತ್ತಿದೆಯೇ ಅಂತ ಮರಾಠಿಯಲ್ಲಿ ಕೇಳಿದರಂತೆ. ಕಾಕು ಕನ್ನಡದಲ್ಲೇ, "ಯಾಕ್ರಿ ಸಾಹೇಬ್ರ, ಇಷ್ಟ್ಯಾಕ ಒದರತೀರಿ?" ಅಂದಳಂತೆ.

ಗದ್ದಲದಿಂದ ಆ ಕಿವಿಯನ್ನು ಕಾಯಬೇಕೆಂದು ಸರ್ಜನ್ ಹೇಳಿದ್ದರು. ಕೆಲವು ವಾರಗಳ ನಂತರ ಕಾಕು ದಪ್ಪ ಕಿವಿಮುಚ್ಚಳ ಹಾಕಿಕೊಂಡು ಗಿರಣಿಗೆ ಇಳಿದಳು. ಆಯಿ ನೋಡಿ, "ಕಡೀಕ ಕಿವಿ ಮುಚ್ಚಿಕೊಂಡೆಲ್ಲವಾ! ಬಾಣಂತನದಾಗನ ಮುಚ್ಚಿಕೊಂಡಿದ್ರ?" ಎಂದಳು.

ಆ ವಾರವೇ, ಬಳೆ ಮಾರುವ ಚಾಚಿ ಗೋಧಿ ಡಬ್ಬಿ ಇಟ್ಟು ಏನೋ ಹೇಳಿದರು. ಕಾಕು ತಿರುಗಲಿಲ್ಲ. "ಏನವಾ, ಈಗ ಗಿರಣ್ಯಾಗೂ ಸೋಗು ಚಾಲೂ ಮಾಡಿದೇನು?" ಎಂದು ಚಾಚಿ ನಕ್ಕರು.

ಬಾಗಿಲಲ್ಲಿ ಕುಳಿತಿದ್ದ ಆಯಿ ತಲೆ ಎತ್ತಿದಳು. "ಸೋಗಲ್ಲ ಅದು. ಆಕಿಗಿ ಕೇಳಸೂದಿಲ್ಲ. ಜೋರಾಗಿ ಹೇಳು."

ಹಿಟ್ಟಿನ ನುಣುಪು ನೋಡುತ್ತಿದ್ದ ಕಾಕುಗೆ ಆ ಮಾತೂ ಕೇಳಿಸಲಿಲ್ಲ. ಸಂಜೆ ಗಿರಣಿ ನಿಂತು ಅವಳು ಕಿವಿಮುಚ್ಚಳ ತೆಗೆದ ಮೇಲೆ, ಅವಳ ಬೆನ್ನ ಹಿಂದೆ ನಿಂತು, ಸಾದಾ ದನಿಯಲ್ಲಿ ನಾನು ಆಯಿಯ ಮಾತನ್ನು ಹೇಳಿದೆ.

ಬೆಲ್ಟಿನ ಮೇಲಿನ ಹಿಟ್ಟು ಒರೆಸುತ್ತಿದ್ದ ಕೈ ನಿಂತಿತು. "ಕೇಳಿಸ್ತು," ಎಂದಳು. ಮತ್ತೆ ಒರೆಸತೊಡಗಿ, "ಇನ್ನೊಂದ ಕಿವೀದು ಯಾವಾಗ ಮಾಡ್ತಾರಂತ ಡಾಕ್ಟರಿಗಿ ಕೇಳು."